ಕುದುರೆಯರಿಯದ ಭೇದ

ನಿಷಧದ ನಳನು ಅಶ್ವಹೃದಯವನ್ನು ಬಲ್ಲವನಾಗಿದ್ದನೆಂದು ಮಹಾಭಾರತವು ಹೇಳುತ್ತದೆ. ಕುದುರೆಯ ಬೆನ್ನೇರುವುದು ಬೇರೆ, ಅದರ ಹೃದಯವನ್ನರಿಯುವುದು ಬೇರೆ. ಇಂದಿನ ಅಂತರರಾಷ್ಟ್ರೀಯ ಅಶ್ವಾರೋಹಣ ಸ್ಪರ್ಧೆಗಳು ಪರೀಕ್ಷಿಸುವುದು ಈ ಎರಡನೆಯ ವಿದ್ಯೆಯನ್ನೇ.

ಒಲಿಂಪಿಕ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಗಳು ಮೂರು ಬಗೆಯವು. ಮೊದಲನೆಯದು ಡ್ರೆಸಾಜ್. ಇದರಲ್ಲಿ ಕುದುರೆಯು ಸವಾರನ ಸೂಕ್ಷ್ಮ ಸಂಜ್ಞೆಗಳನ್ನನುಸರಿಸಿ ಲಯಬದ್ಧವಾಗಿ ಹೆಜ್ಜೆಯಿಡಬೇಕು. ಸಂಜ್ಞೆಯು ನೋಡುವವರ ಕಣ್ಣಿಗೆ ಬೀಳದಿದ್ದಷ್ಟೂ ಶ್ಲಾಘ್ಯ. ಎರಡನೆಯದು ಅಡೆತಡೆಗಳನ್ನು ಕೆಡಹದೆ ಹಾರುವ ಜಂಪಿಂಗ್. ಮೂರನೆಯದಾದ ಈವೆಂಟಿಂಗಿನಲ್ಲಿ ಇವೆರಡರ ಜೊತೆಗೆ ಬಯಲು, ಹಳ್ಳ, ನೀರುಗಳನ್ನು ದಾಟುವ ದೀರ್ಘ ಓಟವೂ ಉಂಟು. ಮೂರರಲ್ಲಿಯೂ ಸ್ತ್ರೀಪುರುಷರು ಬೇರೆ ಬೇರೆ ವರ್ಗಗಳಿಲ್ಲದೆ ಒಂದೇ ಕಣದಲ್ಲಿ ಸೆಣಸುತ್ತಾರೆ.

ಆದರೆ ಈ ಸಮಾನತೆಯು ಆದಿಯಿಂದ ಬಂದುದಲ್ಲ. ಮೊದಮೊದಲು ಅಲ್ಲಿ ಸೈನ್ಯಾಧಿಕಾರಿಗಳದೇ ಪ್ರಾಬಲ್ಯ. ಅಧಿಕಾರಪದವಿಯಿಲ್ಲದ ಸೈನಿಕರಿಗೂ ಸ್ತ್ರೀಯರಿಗೂ ಪ್ರವೇಶವಿರಲಿಲ್ಲ. 1948ರ ಲಂಡನ್ ಕೂಟದಲ್ಲಿ ಸ್ವೀಡನ್ನಿನ ತಂಡವು ಡ್ರೆಸಾಜಿನ ಚಿನ್ನವನ್ನು ಗೆದ್ದಿತು. ತಂಡದ ಸವಾರರಲ್ಲೊಬ್ಬನಾದ ಪರ್ಸನ್ ನಿಜವಾಗಿ ಅಧಿಕಾರಿಯಲ್ಲ, ಸಾರ್ಜೆಂಟ್ ಮಾತ್ರವೆಂಬುದು ತಿಳಿದಾಗ, 1949ರಲ್ಲಿ ಆ ಪದಕವನ್ನು ಹಿಂತೆಗೆದುಕೊಳ್ಳಲಾಯಿತು. ಸವಾರಿಯಲ್ಲಿ ದೋಷವಿರಲಿಲ್ಲ, ಕೊರತೆಯಿದ್ದುದು ಪದವಿಯಲ್ಲಿ. 1952ರ ಹೆಲ್ಸಿಂಕಿ ಕೂಟದ ವೇಳೆಗೆ ಆ ನಿಯಮವು ಅಳಿಯಿತು. ಅದೇ ಪರ್ಸನ್ ಇದ್ದ ತಂಡವೇ ಮತ್ತೆ ಚಿನ್ನವನ್ನು ಗೆದ್ದಿತು.

ಅದೇ ವರ್ಷ ಡ್ರೆಸಾಜಿನ ಬಾಗಿಲು ಸ್ತ್ರೀಯರಿಗೂ ತೆರೆಯಿತು. ಒಳಬಂದವರಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಒಬ್ಬಳು. 1944ರಲ್ಲಿ ಗರ್ಭಿಣಿಯಾಗಿದ್ದಾಗಲೇ ಪೋಲಿಯೋ ರೋಗವು ಆಕೆಯನ್ನು ಬಾಧಿಸಿತ್ತು. ಶಿಶುವು ಆರೋಗ್ಯವಾಗಿ ಜನಿಸಿತು. ತಾಯಿಯ ಮೊಣಕಾಲುಗಳ ಕೆಳಗಿನ ಭಾಗಕ್ಕೆ ಮಾತ್ರ ಶಕ್ತಿ ಮರಳಲಿಲ್ಲ. ಸವಾರನು ಕುದುರೆಗೆ ಸಂಜ್ಞೆ ಕೊಡುವುದು ಮುಖ್ಯವಾಗಿ ಕಾಲುಗಳಿಂದ. ಆ ಸಾಧನವನ್ನೇ ಕಳೆದುಕೊಂಡವಳು ಬೆನ್ನಿನ ಬಾಗು, ದೇಹಭಾರದ ಓಲಾಟಗಳಿಂದ ಜ್ಯೂಬಿಲಿ ಎಂಬ ತನ್ನ ಕುದುರೆಯೊಡನೆ ಹೊಸ ಭಾಷೆಯೊಂದನ್ನು ರೂಢಿಸಿಕೊಂಡಳು. ಕುದುರೆಯನ್ನು ಹತ್ತಲೂ ಇಳಿಯಲೂ ಅನ್ಯರ ನೆರವು ಬೇಕಾಗಿದ್ದ ಆಕೆ, ಹೆಲ್ಸಿಂಕಿಯಲ್ಲಿ ಪುರುಷರೊಡನೆ ಸೆಣಸಿ ಬೆಳ್ಳಿಯ ಪದಕವನ್ನು ಪಡೆದಳು. ಚಿನ್ನ ಗೆದ್ದ ಸ್ವೀಡನ್ನಿನ ಸೇಂಟ್ ಸಿರ್ ತಾನೇ ಕೈನೀಡಿ ಆಕೆಯನ್ನು ವಿಜಯಪೀಠಕ್ಕೇರಿಸಿದನು. 1956ರಲ್ಲಿಯೂ ಆಕೆಗೆ ಬೆಳ್ಳಿಯೇ ಒಲಿಯಿತು. ವಿಕಲಾಂಗರಿಗೆ ಸವಾರಿಯನ್ನೇ ಚಿಕಿತ್ಸೆಯಾಗಿ ಕಲಿಸುವ ಪದ್ಧತಿಗೆ ಆಕೆಯ ಸಾಧನೆಯು ದೊಡ್ಡ ಪ್ರೇರಣೆಯಾಯಿತು.

ಅಂದು ತೆರೆದ ಬಾಗಿಲಿನಿಂದಲೇ ಮುಂದೆ ಜರ್ಮನಿಯ ಇಸಬೆಲ್ ವರ್ಟ್ ಬಂದಳು. 1992ರಿಂದ 2024ರವರೆಗೆ ಎಂಟು ಚಿನ್ನವೂ ಸೇರಿ ಹದಿನಾಲ್ಕು ಒಲಿಂಪಿಕ್ ಪದಕಗಳನ್ನು ಗಳಿಸಿ, ಈ ಕ್ರೀಡೆಯಲ್ಲಿ ಅತ್ಯಧಿಕ ಪದಕಗಳನ್ನು ಪಡೆದ ಸವಾರಳೆನಿಸಿದಳು. ಕೊನೆಯ ಪದಕಗಳನ್ನು ಪಡೆದಾಗ ಆಕೆಯ ವಯಸ್ಸು ಐವತ್ತೈದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗಿನಲ್ಲಿ ವೈಯಕ್ತಿಕವಾಗಿಯೂ ತಂಡದೊಡನೆಯೂ ಬೆಳ್ಳಿಯನ್ನು ಗೆದ್ದುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಆತನಿಗೆ ಇಪ್ಪತ್ತಮೂರನೆಯ ಸ್ಥಾನ ದೊರೆಯಿತು.

ಬೆನ್ನ ಮೇಲಿರುವವನು ಅಧಿಕಾರಿಯೋ ಆಳೋ, ಗಂಡೋ ಹೆಣ್ಣೋ ಎಂಬುದನ್ನು ಕುದುರೆಯು ಅರಿಯದು. ಅದು ಅರಿಯುವುದು ಕೈಯ ಹದವನ್ನು, ಮನಸ್ಸಿನ ಸ್ಥಿರತೆಯನ್ನು. ಭೇದಗಳನ್ನು ಕಲ್ಪಿಸಿದವರು ಮನುಷ್ಯರು. ಕುಲ, ಲಿಂಗ, ಅಂತಸ್ತುಗಳನ್ನೆಣಿಸದೆ ಅನುಭವಮಂಟಪದ ಬಾಗಿಲನ್ನು ತೆರೆದಿಟ್ಟ ಶರಣರ ನಾಡಿಗೆ ಈ ಮಾತು ಹೊಸತಲ್ಲ. ಆದರೂ ವಿದ್ಯಾದಾನದಲ್ಲಿ ತೊಡಗಿದವರು ಇದನ್ನು ಆಗಾಗ ನೆನೆಯಬೇಕು. ಯಾರಲ್ಲಿ ಯಾವ ಶಕ್ತಿ ಅಡಗಿದೆಯೆಂಬುದು ಬಾಗಿಲು ತೆರೆದ ಮೇಲೆ ಮಾತ್ರ ತಿಳಿಯುತ್ತದೆ.