ಪಾರ್ಕಿನ ದಿನಕ್ಕೆ ರೆಸಾರ್ಟ್ ಯಾಕೆ?

ಮಂಗಳೂರು, ಕಾಸರಗೋಡು ಕಡೆಯವರಿಗೆ ಬಿಡದಿಗಿಂತ ಕೊಚ್ಚಿಯ ವಂಡರ್‌ಲಾ ಎಂಬ ಆಟ, ನೀರಾಟದ ಪಾರ್ಕಿಗೆ ಹೋಗುವುದೇ ಸಲೀಸು. 2023ರಲ್ಲಿ ಕಾಸರಗೋಡು–ತಿರುವನಂತಪುರ ವಂದೇ ಭಾರತ್ ಓಡತೊಡಗಿದ ಮೇಲಂತೂ ಮಕ್ಕಳನ್ನು ಕಟ್ಟಿಕೊಂಡು ಹೊರಡುವುದು ದೊಡ್ಡ ಮಾತಲ್ಲ. ಮನೆಯಲ್ಲಿ ಚರ್ಚೆ ಏಳುವುದು ಎಲ್ಲಿ ಉಳಿಯುವುದು ಎಂಬಲ್ಲಿ. ಹೇಗೂ ಹೋಗುತ್ತೇವೆ, ಒಳ್ಳೆಯ ರೆಸಾರ್ಟೇ ಇರಲಿ ಎಂದು ಒಬ್ಬರು, ಮಲಗುವುದಕ್ಕೆ ಅಷ್ಟು ದುಡ್ಡು ಯಾಕೆ ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿಯೇ, ಆದರೆ ಬೇರೆ ಬೇರೆ ದಿನಗಳಿಗೆ. ಪಾರ್ಕಿಗೆ ಹೋಗುವ ದಿನ ರೆಸಾರ್ಟಿನ ಬಾಡಿಗೆ ಬಹುಪಾಲು ದಂಡ. ಪಾರ್ಕಿಗೆ ಹೋಗದ ದಿನ ಅದಕ್ಕೆ ಬೆಲೆ ಇದೆ.

ಪಾರ್ಕಿಗೆ ಅಂಟಿಕೊಂಡ ಹೋಟೆಲು ನಿಜವಾಗಿ ಮಾರುವುದು ಸಾಮೀಪ್ಯವನ್ನು. 1971ರಲ್ಲಿ ಫ್ಲೋರಿಡಾದ ಡಿಸ್ನಿ ವರ್ಲ್ಡ್ ಬಾಗಿಲು ತೆರೆದಾಗಲೇ ಅದರ ಹೋಟೆಲುಗಳಿಗೂ ಪಾರ್ಕಿಗೂ ಮೊನೊರೈಲು ಓಡುತ್ತಿತ್ತು. ಮಧ್ಯಾಹ್ನ ಮಗು ರಚ್ಚೆ ಹಿಡಿದರೆ ಕೋಣೆಗೆ ಕರೆದೊಯ್ದು ಮಲಗಿಸಿ, ಸಂಜೆ ಮತ್ತೆ ಬರಬಹುದು. ಬಿಡದಿಯ ವಂಡರ್‌ಲಾ 2012ರಲ್ಲಿ ಪಾರ್ಕಿನ ಪಕ್ಕದಲ್ಲೇ ರೆಸಾರ್ಟ್ ಕಟ್ಟಿದ್ದೂ ಇದೇ ಲೆಕ್ಕದ ಮೇಲೆ. ಕೊಚ್ಚಿಯ ಕತೆ ಬೇರೆ. ವಿ-ಗಾರ್ಡ್ ಕಂಪನಿಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುಮಾಡಿದ ಈ ಪಾರ್ಕು ಪಳ್ಳಿಕ್ಕರದ ಗುಡ್ಡದ ಮೇಲಿದೆ. ಬೋಳ್ಗಾಟ್ಟಿ ದ್ವೀಪದ ಹೆಸರಾಂತ ಹೋಟೆಲುಗಳಿಂದ ಅಲ್ಲಿಗೆ ಊರ ಟ್ರಾಫಿಕ್ ದಾಟಿ ಹೋಗಬೇಕು. ಚೆರಾಯಿ ಕಡಲತೀರದ ರೆಸಾರ್ಟುಗಳಿಂದ ಇನ್ನೂ ದೂರ. ಮಧ್ಯಾಹ್ನ ಕೋಣೆಗೆ ಹೋಗಿ ಬರುವ ಮಾತೇ ಇಲ್ಲ. ಹೊತ್ತು ಏರಿದ ಮೇಲೆ ಗೇಟು ತೆರೆದು ಸಂಜೆಗೆ ಮುಚ್ಚುವ ಪಾರ್ಕಿನಲ್ಲಿ ಕೊಟ್ಟ ಟಿಕೆಟಿನ ದುಡ್ಡು ದಕ್ಕಬೇಕಾದರೆ ಇಡೀ ದಿನ ಅಲ್ಲೇ ಕಳೆಯಬೇಕು. ಹಿಂದಿರುಗಿದ ಮಕ್ಕಳಿಗೆ ರೆಸಾರ್ಟಿನ ಈಜುಕೊಳ ಯಾಕೆ? ಹಗಲೆಲ್ಲ ನೀರಲ್ಲೇ ಇದ್ದು ಬಂದವರು ಅವರು.

ಆ ರಾತ್ರಿ ಬೇಕಾದದ್ದು ಬೇರೆಯೇ. ಕಾಕ್ಕನಾಡ್ ಅಥವಾ ತೃಪ್ಪುಣಿತ್ತುರದ ಕಡೆ ಶುಚಿಯಾದ ಒಂದು ಕೋಣೆ, ಬಿಸಿನೀರು, ಹತ್ತಿರದಲ್ಲೇ ಊಟ. ಮುಖ್ಯವಾಗಿ ಬಟ್ಟೆ ಒಣಹಾಕಲು ಜಾಗ. ನೀರಾಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಉಡುಪೇ ಬೇಕು. ನಾಲ್ಕು ಜನರ ಒದ್ದೆ ಉಡುಪು, ನಾಲ್ಕು ಟವೆಲು ಕೊಚ್ಚಿಯ ಸೆಕೆಯಲ್ಲಿ ಬಚ್ಚಲುಮನೆಯ ಸರಳಿನ ಮೇಲೆ ಬೆಳಗಾದರೂ ಒಣಗುವುದಿಲ್ಲ. ಬಾಲ್ಕನಿ ಇದೆಯೇ, ಕೊನೆಗೆ ಕಿಟಕಿಯಾದರೂ ತೆರೆಯುತ್ತದೆಯೇ ಎಂದು ಬುಕಿಂಗ್‌ಗೆ ಮೊದಲೇ ಕೇಳಿ. ಹೆಚ್ಚುವರಿ ಹಾಸಿಗೆಯ ದರವನ್ನೂ ಎಷ್ಟು ವಯಸ್ಸಿನ ತನಕ ಮಕ್ಕಳಿಗೆ ಉಚಿತ ಎಂಬುದನ್ನೂ ಬರಹದಲ್ಲಿ ತರಿಸಿಕೊಳ್ಳಿ. ಕಡಿಮೆ ಬಾಡಿಗೆಯ ಕೋಣೆ ಅನೇಕ ಸಲ ಇಲ್ಲೇ ದುಬಾರಿಯಾಗುವುದು.

ಪಾರ್ಕಿನ ರಾತ್ರಿ ಇಂಥ ಕೋಣೆ, ಮರುದಿನ ರೆಸಾರ್ಟು ಎಂದರೆ ಮಕ್ಕಳು, ಮೂಟೆಗಳ ಸಮೇತ ಎರಡು ಕಡೆ ಉಳಿಯುವುದು ಗೋಳಲ್ಲವೇ ಎಂದು ಕೇಳಬಹುದು. ಗೋಳು ಹೌದು, ಆದರೆ ಒಂದೇ ಬೆಳಗಿನದ್ದು. ಆ ಬೆಳಿಗ್ಗೆ ಬೇಗ ಹೊರಟು ಪ್ರಯೋಜನವಿಲ್ಲ. ರೆಸಾರ್ಟಿನವರು ಸಾಮಾನ್ಯವಾಗಿ ಕೋಣೆ ಕೊಡುವುದೇ ಮಧ್ಯಾಹ್ನ ಎರಡಕ್ಕೆ. ಇದಕ್ಕಿಂತ ತೂಕದ ಆಕ್ಷೇಪ ಅಜ್ಜ ಅಜ್ಜಿಯರದ್ದು. ಮಂಡಿನೋವಿನ ಅಜ್ಜಿಯನ್ನು ಪಾರ್ಕಿಗೆ ಕರೆದೊಯ್ದು ದಿನವಿಡೀ ಬೆಂಚಿನ ಮೇಲೆ ಕೂರಿಸುವುದಕ್ಕೂ ಟಿಕೆಟು ಬೇಕು. ಅವರನ್ನು ಹಿನ್ನೀರು ಕಾಣುವ ವರಾಂಡದಲ್ಲಿ, ಊಟ ಉಪಚಾರ ಇರುವಲ್ಲಿ ಬಿಟ್ಟುಹೋಗುವುದಾದರೆ ಪಾರ್ಕಿನ ದಿನವೂ ರೆಸಾರ್ಟು ಸಾರ್ಥಕ. ಆ ಮನೆಯವರಿಗೆ ನನ್ನ ವಾದ ಅನ್ವಯಿಸುವುದಿಲ್ಲ.

ತಿರುವನಂತಪುರದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ವೆಂಬಾಯಂನ ಹ್ಯಾಪಿಲ್ಯಾಂಡ್ ಪಾರ್ಕು ಇದೆ, ಜಾದೂಗಾರ ಗೋಪಿನಾಥ್ ಮುತುಕಾಡ್ ಅವರ ಮ್ಯಾಜಿಕ್ ಪ್ಲಾನೆಟ್ ಕಳಕ್ಕೂಟ್ಟಂನಲ್ಲಿದೆ, 1857ರಷ್ಟು ಹಳೆಯ ಮೃಗಾಲಯವಿದೆ. ಯಾವುದೂ ಪ್ರವಾಸವನ್ನೇ ನುಂಗುವಷ್ಟು ದೊಡ್ಡದಲ್ಲ. ಹಾಗಾಗಿ ಇಲ್ಲಿ ಕೋವಳಂನ ರೆಸಾರ್ಟೇ ಪ್ರವಾಸ, ಪಾರ್ಕು ಅದರ ನಡುವಿನ ಒಂದು ತಿರುಗಾಟ. ದುಡ್ಡು ಬಿಚ್ಚುವುದಿದ್ದರೆ ಇಲ್ಲಿ ಬಿಚ್ಚಬಹುದು. ಆದರೂ ನಕ್ಷೆ ನೋಡಿಕೊಳ್ಳಿ: ಕೋವಳಂ ನಗರದ ದಕ್ಷಿಣಕ್ಕೆ, ವೆಂಬಾಯಂ ಉತ್ತರಕ್ಕೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1970ರ ಆಸುಪಾಸಿನಲ್ಲಿ ಕೋವಳಂನ ರೆಸಾರ್ಟನ್ನು ಗುಡ್ಡದ ಇಳಿಜಾರಿಗೆ ಒರಗಿಸಿ, ಕೋಣೆಗಳೆಲ್ಲ ಕಡಲಿಗೆ ಮುಖಮಾಡುವಂತೆ ಕಟ್ಟಿದರು. ಇಂಥ ಇಳಿಜಾರಿನ ಹೋಟೆಲುಗಳಲ್ಲಿ ನೋಟ ಚೆಂದ, ಮಂಡಿಗೆ ಕಷ್ಟ. ಊಟದ ಹಾಲಿಗೆ ಹತ್ತಿರದ ಕೋಣೆ ಕೇಳಿ ಪಡೆಯಬೇಕು. ಇನ್ನು ಜೂನ್, ಜುಲೈನಲ್ಲಿ ಬಾಡಿಗೆ ಇಳಿಯುವುದೇನೋ ನಿಜ, ಆದರೆ ಕಡಲು ಉಕ್ಕಿ ತೀರದಲ್ಲಿ ಕೆಂಪು ಬಾವುಟ ಏರುವುದೂ ಆಗಲೇ. ಕೊಚ್ಚಿಯಲ್ಲಿ ಬೇಡವೆಂದು ಬಿಟ್ಟ ಈಜುಕೊಳ ಇಲ್ಲಿ ಮೊದಲು ವಿಚಾರಿಸಬೇಕಾದ ಸಂಗತಿ.