ಮೀಸಲು ಸ್ಥಾನ ಹೋದರೆ ಏನಾಗುವುದು? ಅಳೆಯುವ ಬಗೆ ಹೇಗೆ?

ಕಂಪ್ಲಿಯ ಬತ್ತದ ಗದ್ದೆಯೊಂದಕ್ಕೆ ಹೊಸ ಗೊಬ್ಬರ ಹಾಕಿದೆವೆನ್ನೋಣ. ಇಳುವರಿ ಹೆಚ್ಚಿತು. ಅದು ಗೊಬ್ಬರದ ಫಲವೇ? ಆ ವರ್ಷ ಕಾಲುವೆಯ ನೀರೂ ಹೆಚ್ಚಾಗಿ ಬಂದಿದ್ದರೆ ಹಾಗೆನ್ನಲಾಗದು. ಆದುದರಿಂದಲೇ ಕೃಷಿ ವಿಜ್ಞಾನಿಗಳು ಒಂದೇ ಬಗೆಯ ಮಣ್ಣು, ನೀರು, ಬೀಜಗಳುಳ್ಳ ಎರಡು ಮಡಿಗಳನ್ನು ಆರಿಸಿ, ಒಂದಕ್ಕೆ ಮಾತ್ರ ಗೊಬ್ಬರ ಹಾಕಿ ಹೋಲಿಸುತ್ತಾರೆ. ಕಾಲೇಜಿನ ಮೀಸಲು ಸ್ಥಾನಗಳನ್ನು ತೆಗೆದರೆ ಏನಾಗುವುದೆಂಬ ಪ್ರಶ್ನೆಯಲ್ಲಿಯೂ ಇದೇ ತೊಡಕುಂಟು.

ಇದು ನಮ್ಮ ಸೀಮೆಯ ಕಥೆಯೂ ಹೌದು. ಹೊಸಪೇಟೆ, ಹಂಪಿ, ಕಂಪ್ಲಿಗಳು 1953ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದವು. ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಅದೇ ರಾಜ್ಯದಲ್ಲಿ ವಿಲೀನವಾಯಿತು. ಅಲ್ಲಿನ ಸರ್ಕಾರಿ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶವನ್ನು ‘ಕಮ್ಯೂನಲ್ ಜಿ.ಓ.’ ಎಂಬ ಆಜ್ಞೆ ನಿರ್ಧರಿಸುತ್ತಿತ್ತು. ಪ್ರತಿ 14 ಸ್ಥಾನಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಆಗ ಹರಿಜನರೆನಿಸಿದವರಿಗೆ 2, ಕ್ರೈಸ್ತರು ಹಾಗೂ ಆಂಗ್ಲೋ-ಇಂಡಿಯನರಿಗೆ 1, ಮುಸಲ್ಮಾನರಿಗೆ 1. ನಾಲ್ಕು ವೈದ್ಯಕೀಯ ಕಾಲೇಜುಗಳಲ್ಲಿ ಒಟ್ಟು ಇದ್ದುವು 330 ಸ್ಥಾನಗಳು ಮಾತ್ರ. ಒಂದು ಸ್ಥಾನವೆಂದರೆ ಒಂದು ಮನೆತನದ ಭವಿಷ್ಯ.

1951ರ ಏಪ್ರಿಲ್ 9ರಂದು, ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ಹಂಚಿಕೆ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಅಳೆಯಲು ಸಮಯವೇ ಸಿಗಲಿಲ್ಲ. ಅದೇ ಜೂನ್ 18ರಂದು ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂದು, ಹಿಂದುಳಿದವರಿಗೂ ಪರಿಶಿಷ್ಟರಿಗೂ ವಿಶೇಷ ಏರ್ಪಾಡು ಮಾಡುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. 1953ರ ಅಕ್ಟೋಬರ್ 1ರಂದು ಈ ಊರುಗಳು ಮೈಸೂರು ರಾಜ್ಯವನ್ನು ಸೇರಿದುವು. 1961ರಲ್ಲಿ ಬಳ್ಳಾರಿಯಲ್ಲಿಯೇ ವೈದ್ಯಕೀಯ ಕಾಲೇಜು ತೆರೆಯಿತು. 1962ರಲ್ಲಿ, ಬಾಲಾಜಿ ಮೊಕದ್ದಮೆಯಲ್ಲಿ, ಮೈಸೂರಿನ ಶೇಕಡಾ 68ರ ಮೀಸಲಾತಿಯ ಆಜ್ಞೆಯೂ ರದ್ದಾಯಿತು. 2013ರಿಂದ 371ಜೆ ವಿಧಿಯ ಮೇರೆಗೆ, ಇಂದು ಕಲ್ಯಾಣ ಕರ್ನಾಟಕವೆನಿಸಿದ ಈ ಸೀಮೆಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇಕಡಾ 70 ಸ್ಥಾನಗಳು ಮೀಸಲಾದುವು. ಗೊಬ್ಬರ, ನೀರು, ಬೀಜ ಎಲ್ಲವೂ ಮೇಲಿಂದ ಮೇಲೆ ಬದಲಾದ ಗದ್ದೆ ಇದು!

ಹೋಲಿಕೆಗೆ ಅನುಕೂಲವಾದ ಮಡಿ ಅಮೆರಿಕದಲ್ಲಿ ದೊರೆಯಿತು. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ತೀರ್ಮಾನಿಸಿದಂತೆ, 1998ರಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಗಣಿಸುವುದನ್ನು ನಿಲ್ಲಿಸಿತು. ಅರ್ಥಶಾಸ್ತ್ರಜ್ಞ ಝಕರಿ ಬ್ಲೀಮರ್ ಅವರು ಈ ಬದಲಾವಣೆಯ ಹಿಂದಿನ ಹಾಗೂ ಮುಂದಿನ ಅರ್ಜಿಗಳನ್ನು ತೆಗೆದುಕೊಂಡು, ಕಪ್ಪು ಜನರು, ಹಿಸ್ಪಾನಿಕರು ಮೊದಲಾದವರನ್ನು ಅವರಷ್ಟೇ ಓದಿನ ಅರ್ಹತೆಯುಳ್ಳ ಬಿಳಿಯ ಹಾಗೂ ಏಷ್ಯಾ ಮೂಲದ ಅರ್ಜಿದಾರರೊಡನೆ ಹೋಲಿಸಿದರು. ಮೊದಲ ಗುಂಪಿನವರು ಕೆಳಗಿನ ಶ್ರೇಣಿಯ ಕಾಲೇಜುಗಳಿಗೆ ಸರಿದಿದ್ದರು. ಪದವಿ ಪಡೆದವರ ಪ್ರಮಾಣ ಇಳಿದಿತ್ತು. 24ರಿಂದ 34ನೆಯ ವಯಸ್ಸಿನಲ್ಲಿ ಅವರ ಸಂಪಾದನೆ ಸುಮಾರು ಶೇಕಡಾ 5ರಷ್ಟು ತಗ್ಗಿತ್ತು. 2023ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಇಂಥ ಪ್ರವೇಶವನ್ನು ತಡೆದಾಗ, ಈ ಫಲಿತಾಂಶ ಅಚ್ಚಾಗಿ ಒಂದೇ ವರ್ಷವಾಗಿತ್ತು.

ಗಮನಿಸಬೇಕಾದ ಅಂಶವೆಂದರೆ, 1998ರ ಪರಿಣಾಮ ತಿಳಿದದ್ದು 2022ರಲ್ಲಿ. ಬತ್ತ ನಾಲ್ಕೈದು ತಿಂಗಳಲ್ಲಿ ತೆನೆಗೂಡುವುದು. ವಿದ್ಯೆಯ ಫಲ ಕಾಣಲು ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ದಾಖಲೆಗಳನ್ನು ಕಾಪಾಡಬೇಕು, ವಿದ್ಯಾರ್ಥಿಗಳ ಹೆಸರುಗಳನ್ನು ಗುಪ್ತವಾಗಿಡಬೇಕು, ಲೆಕ್ಕ ಬಲ್ಲವರಿಗೆ ಸಂಬಳ ಕೊಡಬೇಕು. ನಮ್ಮ ದೇಶದಲ್ಲಿ ಸಮಾಜ ವಿಜ್ಞಾನದ ಸಂಶೋಧನೆಗೆ ನೆರವು ನೀಡಲೆಂದೇ 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಸ್ಥಾಪನೆಯಾಯಿತು. ಎರಡು ವರ್ಷದ ಅನುದಾನದಿಂದ ಸ್ಥಾನಗಳನ್ನು ಎಣಿಸಬಹುದು, ಬಾಳನ್ನು ಎಣಿಸಲಾಗದು. ಇನ್ನೊಂದು ನಿಯಮವೂ ಅಷ್ಟೇ ಮುಖ್ಯ: ಫಲಿತಾಂಶ ಯಾರ ವಾದಕ್ಕೆ ಅನುಕೂಲವಾದರೂ ಅದು ಪ್ರಕಟವಾಗಬೇಕು.

ಮೀಸಲಾತಿ ನ್ಯಾಯವೇ ಎಂಬುದನ್ನು ಅಳತೆಗೋಲು ಹೇಳಲಾರದು. ಅದನ್ನು ನಾವೆಲ್ಲರೂ ಕೂಡಿ ವಿಚಾರಿಸಬೇಕು. ಆದರೆ ಅದನ್ನು ತೆಗೆದಾಗ ಸಂಡೂರಿನ ಗಣಿ ಕೂಲಿಯವನ ಮಗಳಿಗೆ ಏನಾಗುವುದೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ನಿಮ್ಮ ಶಾಲೆಯ ದಾಖಲಾತಿ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿದರೆ, ಆ ಸಂಶೋಧನೆಯ ಮೊದಲ ಕೆಲಸ ಆರಂಭವಾದಂತೆಯೇ ಸರಿ.