ವಲಸೆ ಬಂದ ಕತೆಗಳಿಗೆ ಬಾನುಲಿಯಲ್ಲಿ ಎಷ್ಟು ಜಾಗ?

ಸಾಸಲು (ದೊಡ್ಡಬಳ್ಳಾಪುರ ತಾಲ್ಲೂಕು): ಸಮುದಾಯ ಬಾನುಲಿ ಕೇಂದ್ರವೊಂದಕ್ಕೆ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಅನುಮತಿಸುವ ಪ್ರಸಾರ ಶಕ್ತಿ 100 ವ್ಯಾಟ್. ಅದರ ದನಿ ಸುತ್ತಲಿನ ಸುಮಾರು 10 ಕಿ.ಮೀ. ದೂರದವರೆಗೆ ತಲುಪುತ್ತದೆ. ಅಂದರೆ, ಹೆಚ್ಚೂಕಡಿಮೆ ಸಾಸಲಿನಂತಹ ಒಂದು ಹೋಬಳಿಯ ಅಳತೆ. ಬೇರೆ ನಾಡಿನಿಂದ ಬಂದು ನೆಲೆಸಿದವರ ಕತೆ, ಹಾಡು, ಒಗಟುಗಳಿಗೆ ಇಷ್ಟು ಚಿಕ್ಕ ಬಾನುಲಿಯೇ ಹೆಚ್ಚು ಒಗ್ಗುತ್ತದೆ ಎನ್ನಲು ಕಾರಣಗಳಿವೆ.

ಈ ತಾಲ್ಲೂಕಿಗೆ ವಲಸೆ ಹೊಸದಲ್ಲ. ದೊಡ್ಡಬಳ್ಳಾಪುರದ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ತೆಲುಗು ಮನೆಮಾತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು ಉತ್ತರ ಕರ್ನಾಟಕದವರನ್ನೂ ಬಿಹಾರ, ಒಡಿಶಾದ ಕಾರ್ಮಿಕರನ್ನೂ ಕರೆತಂದಿವೆ. ಇವರ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ; ಕಲಿಯಬೇಕಾದದ್ದೇ. ಆದರೆ ಅಜ್ಜಿಯ ಕತೆ ಊರಲ್ಲೇ ಉಳಿದುಬಿಡುತ್ತದೆ. ಮನೆಮಾತು ಬೇರೆಯಾದರೆ ಕನ್ನಡಕ್ಕೆ ನಷ್ಟವೆಂದು ಭಾವಿಸುವವರು ಮರಾಠಿ ಮನೆಮಾತಿನ ಬೇಂದ್ರೆಯವರನ್ನೂ ತಮಿಳು ಮನೆಮಾತಿನ ಮಾಸ್ತಿಯವರನ್ನೂ ನೆನೆಯುವುದು ಒಳಿತು.

ರಾಜ್ಯದಲ್ಲಿ ಇದಕ್ಕೆ ಉತ್ತಮ ನಿದರ್ಶನ ಕೊಂಕಣಿ. ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಗೋವೆಯಿಂದ ಕರಾವಳಿಗೆ ಬಂದ ಕುಟುಂಬಗಳು ಭಾಷೆಯನ್ನು ಬಹುಮಟ್ಟಿಗೆ ಬಾಯಿಮಾತಿನಲ್ಲೇ ಕಾಪಾಡಿಕೊಂಡವು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಕನ್ನಡದ ಜತೆಗೆ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳಿಗೂ ಸ್ಥಳ ನೀಡಿತು. ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಅದು ಬಾನುಲಿಯಲ್ಲಿ ಪಳಗಿತ್ತು. ಇನ್ನೊಂದು ಅನುಕೂಲವೂ ಇದೆ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ ಲಿಪಿಗಳಲ್ಲಿ ಬರೆಯುತ್ತಾರೆ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಲಾರದೆ ಹೋಗಬಹುದು, ಆದರೆ ಕೇಳಬಲ್ಲರು. ಲಿಪಿಯ ಜಗಳ ಬಾನುಲಿಗೆ ತಟ್ಟುವುದಿಲ್ಲ. ಮನೆಮಾತನ್ನು ಆಡಬಲ್ಲ, ಓದಲು ಬಾರದ ವಲಸಿಗರ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಾನೂನಿನ ಹಾದಿ ನಿಧಾನವಾಗಿ ತೆರೆಯಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1995ರಲ್ಲಿ. ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಅವಕಾಶ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ದೊರೆಯಿತು. ಅದಕ್ಕೂ ಮುನ್ನವೇ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಗ್ರಾಮಸ್ಥರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿತ್ತು. ಪ್ರಸಾರಕ್ಕೆ ಪರವಾನಗಿ ಸಿಗದ ಕಾಲದಲ್ಲಿ ಹಳ್ಳಿಗರು ಕಂಡುಕೊಂಡ ಉಪಾಯವಿದು. 2006ರ ನೀತಿಯ ಪ್ರಕಾರ ಕನಿಷ್ಠ ಶೇ 50ರಷ್ಟು ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ರೂಪುಗೊಳ್ಳಬೇಕು. ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ. ಕತೆಗೆ ಅಂತಹ ತಡೆ ಇಲ್ಲ.

ಹೊರದೇಶದಲ್ಲಿ ಸರ್ಕಾರವೇ ಈ ಕೆಲಸಕ್ಕೆ ಇಳಿದದ್ದುಂಟು. ಆಸ್ಟ್ರೇಲಿಯಾ 1975ರಲ್ಲಿ ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ವಲಸಿಗರ ಭಾಷೆಗಳ ಬಾನುಲಿ ಆರಂಭಿಸಿತು. ಹೊಸ ಆರೋಗ್ಯ ವಿಮೆಯನ್ನು ಅವರಿಗೆ ವಿವರಿಸುವುದು ಆಗಿನ ಉದ್ದೇಶ. ಅದೇ ಬೆಳೆದು ಎಸ್‌ಬಿಎಸ್ ಆಯಿತು. ಅಲ್ಲಿ ಈಗ ಕನ್ನಡಕ್ಕೂ ಸ್ಥಾನವಿದೆ. ಅಲ್ಲಿ ಕನ್ನಡಿಗರೇ ವಲಸಿಗರು!

ಒಂದು ಎಚ್ಚರಿಕೆ ಅಗತ್ಯ. ಜನಪದ ಕತೆಗೆ ಒಡೆಯರಿಲ್ಲದಿರಬಹುದು. ಆದರೆ ಅದನ್ನು ಹಾಡಿದ, ಹೇಳಿದ ವ್ಯಕ್ತಿಗೆ ಹಕ್ಕಿದೆ. ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು 50 ವರ್ಷಗಳ ಕಾಲ ರಕ್ಷಿಸುತ್ತದೆ. ಆದ್ದರಿಂದ ಧ್ವನಿ ಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಹೇಳಿದವರ ಹೆಸರು, ಊರು, ಭಾಷೆಯನ್ನು ದಾಖಲಿಸಬೇಕು. ಕತೆಯನ್ನು ಮೂಲ ಭಾಷೆಯಲ್ಲೇ ಕೇಳಿಸಿ, ನಡುನಡುವೆ ಕನ್ನಡದಲ್ಲಿ ಸಾರಾಂಶ ಹೇಳಿದರೆ ಪಕ್ಕದ ಮನೆಯವರಿಗೂ ಅರ್ಥವಾದೀತು. ಪರವಾನಗಿ, ಗೋಪುರ, ಯಂತ್ರಗಳಿಗೆ ಸಮಯವೂ ಹಣವೂ ಬೇಕು. ಮುದ್ರಣಕ್ಕೆ ಮೊಬೈಲ್ ಸಾಕು, ಪರವಾನಗಿಗೆ ಕಾಯಬೇಕಿಲ್ಲ. ಕತೆ ಬಲ್ಲ ಹಿರಿಯರ ವಯಸ್ಸನ್ನು ನೋಡಿದರೆ ಮೊದಲು ಆಗಬೇಕಾದ ಕೆಲಸವೂ ಅದೇ.